ಮನೆ ಮಾರಾಟದ ಅಂಕಿ ಓದುವ ಮುಂಚೆ ಕ್ಯಾಲ್ಕುಲೇಟರ್ ತೆಗೆಯಿರಿ

ಗೃಹಸಾಲದ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವನು ನಾನು. 'ಈ ಭಾಗದಲ್ಲಿ ಮನೆ ಮಾರಾಟ ಜಿಗಿದಿದೆ' ಎಂಬ ಸುದ್ದಿ ಕಂಡರೆ ಸುಮ್ನೆ ನಂಬುವುದಿಲ್ಲ.

ಮೊದಲು ಬಡ್ಡಿಯನ್ನು ಕಂತಿಗೆ ಇಳಿಸಿ ನೋಡಿ. 20 ವರ್ಷದ ಸಾಲಕ್ಕೆ ಶೇ. 7 ಬಡ್ಡಿ ಇದ್ದರೆ ಲಕ್ಷಕ್ಕೆ ತಿಂಗಳ ಕಂತು ಸುಮಾರು 775. ಶೇ. 9 ಆದರೆ 900. ಸಂಬಳ ಅಷ್ಟೇ ಇದೆ, ಕಟ್ಟುವ ತಾಕತ್ತೂ ಅಷ್ಟೇ. ಹಾಗಾಗಿ ಮೊದಲು 100 ರೂಪಾಯಿ ಸಾಲ ಸಿಗುತ್ತಿದ್ದವರಿಗೆ ಈಗ ಸಿಗುವುದು 86. ಉಳಿದ 14 ಕೈಯಿಂದ ಹಾಕಬೇಕು, ಇಲ್ಲವೇ ಸಣ್ಣ ಮನೆ ನೋಡಬೇಕು. ಸಂಬಳಕ್ಕೆ ಹೋಲಿಸಿದರೆ ಮನೆ ದುಬಾರಿ ಇರುವ ಕಡೆ ಜನ ಮೊದಲೇ ತಾಕತ್ತಿನ ಅಂಚಿನವರೆಗೂ ಸಾಲ ಎತ್ತಿರುತ್ತಾರೆ. ಅಲ್ಲಿ ಈ ಪೆಟ್ಟು ಜಾಸ್ತಿ.

ಆಮೇಲೆ ಸರ್ಕಾರದ ನೆರವಿನ ಕೊನೆಯ ದಿನಾಂಕ ಹುಡುಕಿ. ಒಂದು ಸಬ್ಸಿಡಿಯ ಕೊನೆಯ ವಾರ ನಾವು ರಾತ್ರಿ ಒಂಬತ್ತರವರೆಗೂ ಫೈಲು ಮಾಡಿದೆವು. ಅದನ್ನು ನೋಡಿ ಮ್ಯಾನೇಜರ್ ಮುಂದಿನ ತಿಂಗಳ ಟಾರ್ಗೆಟ್ ಏರಿಸಿಬಿಟ್ಟರು. ಆ ತಿಂಗಳು ನಾನು ಸ್ಟೇಪ್ಲರ್ ಪಿನ್ ಎಣಿಸುತ್ತಾ ಕೂತಿದ್ದೆ! ಮುಂದೆ ಬರಬೇಕಾದವರೆಲ್ಲ ಆಗಲೇ ಬಂದುಹೋಗಿದ್ದರು, ಅಷ್ಟೇ. ಅಮೆರಿಕದಲ್ಲೂ ಹೀಗೇ ಆಯಿತು. ಮೊದಲ ಮನೆ ಕೊಳ್ಳುವವರಿಗೆ 8,000 ಡಾಲರ್ ತನಕ ತೆರಿಗೆ ರಿಯಾಯಿತಿ ಇತ್ತು, ಕರಾರು ಮಾಡಿಕೊಳ್ಳಲು 2010ರ ಏಪ್ರಿಲ್ 30 ಕೊನೆ ದಿನ. ಜುಲೈನಲ್ಲಿ ಹಳೆ ಮನೆಗಳ ಮಾರಾಟ ಹಿಂದಿನ ತಿಂಗಳಿಗಿಂತ ಶೇ. 27ರಷ್ಟು ಬಿತ್ತು. ಮೇನಲ್ಲೇ ಯಾಕೆ ಇಷ್ಟು ಬೀಳಲಿಲ್ಲ? ಕರಾರಾದ ಮನೆ ಲೆಕ್ಕಕ್ಕೆ ಬರುವುದು ವ್ಯವಹಾರ ಪೂರ್ತಿ ಮುಗಿದ ಮೇಲೆ. ಅದಕ್ಕೇ ಕೊನೆ ದಿನದ ಹಿಂದಿನ ಆರು ತಿಂಗಳು, ಮುಂದಿನ ಆರು ತಿಂಗಳು, ಎರಡನ್ನೂ ಕೂಡಿಸಿ ನೋಡಿ.

ನೆರವಿನ ಷರತ್ತುಗಳನ್ನೂ ಬಿಡಬೇಡಿ. ಇಂಗ್ಲೆಂಡಿನ 'ಹೆಲ್ಪ್ ಟು ಬೈ' ಸಾಲ (2013ರಿಂದ 2023) ಹೊಸ ಮನೆಗೆ ಮಾತ್ರ ಸಿಗುತ್ತಿತ್ತು. 2021ರಲ್ಲಿ ಭಾಗಕ್ಕೊಂದು ಬೆಲೆಮಿತಿ ಬಂತು: ಲಂಡನ್ನಿಗೆ 6,00,000 ಪೌಂಡ್, ಈಶಾನ್ಯ ಇಂಗ್ಲೆಂಡಿಗೆ 1,86,100. ಒಂದೇ ಯೋಜನೆ, ಆದರೆ ಎಷ್ಟು ವ್ಯತ್ಯಾಸ ಅಲ್ವಾ? ನೀವು ನೋಡುತ್ತಿರುವ ಭಾಗದಲ್ಲಿ ಮಿತಿಯೊಳಗೆ ಮನೆಗಳೇ ಇಲ್ಲದಿದ್ದರೆ ನೆರವು ಕಾಗದದ ಮೇಲಷ್ಟೇ. ಜಾಗವೇ ಇಲ್ಲದ ಕಡೆ ಹೊಸ ಮನೆ ಏಳುವುದಿಲ್ಲ, ಬೆಲೆ ಏರುತ್ತದೆ. ನೆರವಿನ ಒಂದು ಪಾಲು ಮಾರುವವನ ಜೇಬಿಗೆ.

ಇನ್ನೊಂದು. 'ಗೃಹಸಾಲ ಹೆಚ್ಚಿತು' ಅಂದರೆ ಮಾರಾಟ ಹೆಚ್ಚಿತು ಅಂತಲ್ಲ. ಬಡ್ಡಿ ಇಳಿದಾಗ ನನ್ನ ಮೇಜಿನ ಮೇಲಿನ ಎಷ್ಟೋ ಫೈಲುಗಳು ಟೇಕ್‌ಓವರ್ ಕೇಸುಗಳೇ. ಬ್ಯಾಂಕ್ ಬದಲಾಯಿತು, ಮನೆಯೂ ಮಾಲೀಕನೂ ಹಳೆಯದೇ.