ಮೂರನೆಯ ತರಗತಿಗೆ ಯುಕುಲೆಲೆ: ಸರಿಗಮದಿಂದಲೇ ಶುರುವಾಗಲಿ

ಎಂಟು ವರ್ಷದ ಮಗುವಿನ ಕೈಗೆ ಗಿಟಾರ್ ಕೊಟ್ಟರೆ ಅದರ ದಂಡಿಯನ್ನು ಬಳಸಿ ಹಿಡಿಯುವಷ್ಟರಲ್ಲೇ ಬೆರಳು ಸೋತಿರುತ್ತದೆ. ಯುಕುಲೆಲೆ ಹಾಗಲ್ಲ. ಇರುವುದು ನಾಲ್ಕೇ ತಂತಿ, ಅವೂ ನೈಲಾನಿನವು. ಉಕ್ಕಿನ ತಂತಿಯಂತೆ ಚರ್ಮ ಕೊರೆಯುವುದಿಲ್ಲ. 1879ರಲ್ಲಿ ಪೋರ್ಚುಗಲ್‌ನ ಮಡೀರಾ ದ್ವೀಪದಿಂದ ಕಬ್ಬಿನ ಗದ್ದೆಯ ಕೆಲಸಕ್ಕೆಂದು ಹಡಗು ಹತ್ತಿದವರ ಜೊತೆ ಹವಾಯಿಗೆ ಬಂದ ಪುಟ್ಟ ವಾದ್ಯವೇ ಅಲ್ಲಿ ಯುಕುಲೆಲೆಯಾಯಿತು. ಹವಾಯಿ ಭಾಷೆಯಲ್ಲಿ ಆ ಹೆಸರಿಗೆ 'ಜಿಗಿಯುವ ಚಿಗಟ' ಎಂದು ಅರ್ಥ ಹೇಳುತ್ತಾರೆ. ತರಗತಿಯ ಮೊದಲ ದಿನ ಮಕ್ಕಳಿಗೆ ಇದನ್ನು ಹೇಳಿ. ವಾದ್ಯ ಅಲ್ಲಿಗೇ ಅವರದಾಗುತ್ತದೆ.

ಬಹಳಷ್ಟು ಪಾಠಗಳು ಕಾರ್ಡ್‌ನಿಂದ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದರಿಂದ ಆರಂಭವಾಗುತ್ತವೆ. ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ದಾರಿ ಇದೆ. ಯುಕುಲೆಲೆಯ ತಂತಿಗಳ ಶ್ರುತಿ ಜಿ, ಸಿ, ಇ, ಎ. ಸಿ ಸ್ವರವನ್ನು, ಅಂದರೆ ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ, ಅಂದರೆ ಸ ಎಂದುಕೊಂಡರೆ ಅವು ಪ, ಸ, ಗ, ದ. ಸ, ರಿ, ಗ, ಪ, ದ ಎಂಬ ಐದೇ ಸ್ವರಗಳ ಮೋಹನ ರಾಗದಲ್ಲಿ ಈ ನಾಲ್ಕೂ ಇವೆ! ಬೆರಳನ್ನೇ ಒತ್ತದೆ ಮಗು ಯಾವ ತಂತಿ ಮೀಟಿದರೂ ರಾಗದ ಹೊರಗೆ ಕಾಲಿಡುವುದಿಲ್ಲ. ಕಲಿಕೆಯ ಮೊದಲ ವಾರಗಳಲ್ಲಿ ತಪ್ಪೂ ಇಂಪಾಗಿ ಕೇಳಿಸುವ ಇಂಥ ವಾದ್ಯ ಸಿಕ್ಕಿರುವಾಗ ಆ ಅನುಕೂಲವನ್ನು ಬಿಡುವುದು ಏಕೆ?

ಕೊಳ್ಳುವಾಗ

ಸೊಪ್ರಾನೊ ಅಳತೆಯದು ಸುಮಾರು 21 ಇಂಚು ಉದ್ದ, ಕನ್ಸರ್ಟ್ 23 ಇಂಚು. ಮೂರು, ನಾಲ್ಕನೆಯ ತರಗತಿಗೆ ಯಾವುದಾದರೂ ಸರಿ. ಮಳೆನಾಡಿನ ಶಾಲೆಗಳು ಪ್ಲೈವುಡ್ಡಿನದನ್ನೇ ಆರಿಸಿಕೊಳ್ಳಲಿ. ಇಡಿಯ ಮರದ ವಾದ್ಯ ತೇವಕ್ಕೆ ಬೇಗ ಬಾಗುತ್ತದೆ. ಎಲ್ಲ ಮಕ್ಕಳಿಗೂ ಒಂದೊಂದು ಬೇಕೆಂದೇನಿಲ್ಲ. ಮೂವತ್ತು ಮಕ್ಕಳಿಗೆ ಹತ್ತಿದ್ದರೆ ಮೂವರ ಗುಂಪು ಮಾಡಿ: ಒಬ್ಬರು ನುಡಿಸಲಿ, ಒಬ್ಬರು ಹಾಡಲಿ, ಇನ್ನೊಬ್ಬರು ತಾಳ ಹಾಕಲಿ. ನಾಲ್ಕು ನಿಮಿಷಕ್ಕೊಮ್ಮೆ ಪಾತ್ರ ಬದಲಾಗಲಿ. ಬೆರಳಿಗೆ ಬಿಡುವೂ ಸಿಗುತ್ತದೆ, ಕೇಳುವ ಕಿವಿಯೂ ಬೆಳೆಯುತ್ತದೆ.

ಶ್ರುತಿ ಮಾಡುವುದು

ಹೊಸ ನೈಲಾನ್ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಳಿದಿರುತ್ತದೆ. ವಾದ್ಯ ಕೆಟ್ಟದ್ದೆಂದು ಗಾಬರಿಯಾಗಬೇಡಿ. ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದು ಬಿಟ್ಟು, ಮತ್ತೆ ಬಿರಡೆ ತಿರುಗಿಸಿ. ಮೊಬೈಲಿನ ಟ್ಯೂನರ್ ಆ್ಯಪ್ ಸಾಕು. ಆದರೆ ತಿಂಗಳೊಳಗೆ ಮಕ್ಕಳ ಕಿವಿಯೇ ಈ ಕೆಲಸಕ್ಕೆ ಇಳಿಯಬೇಕು. ದಂಡಿಯ ಮೇಲಿನ ಅಡ್ಡಪಟ್ಟಿಗಳಿಗೆ ವೀಣೆಯವರು ಮೆಟ್ಟಿಲು ಎನ್ನುವುದನ್ನೇ ಇಲ್ಲಿ ಫ್ರೆಟ್ ಎನ್ನುತ್ತಾರೆ. ಸಿ ತಂತಿಯ ನಾಲ್ಕನೆಯ ಮೆಟ್ಟಿಲು ಒತ್ತಿ ಮೀಟಿದರೆ ಇ ತಂತಿಯ ನಾದ ಬರಬೇಕು. ಇ ತಂತಿಯ ಐದನೆಯ ಮೆಟ್ಟಿಲಲ್ಲಿ ಎ, ಅದೇ ಇ ತಂತಿಯ ಮೂರನೆಯದರಲ್ಲಿ ಜಿ. ಎರಡೂ ನಾದ ಒಂದರಲ್ಲೊಂದು ಬೆರೆತ ಕ್ಷಣ ಮಗುವಿನ ಮುಖ ನೋಡಿ. ಸಂಗೀತ ಪಾಠದಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಗಳಿಗೆ ಇನ್ನೊಂದಿಲ್ಲ.

'ಮೇಲಿನ ತಂತಿ, ಕೆಳಗಿನ ತಂತಿ' ಎಂದು ಹೇಳಬೇಡಿ. ಸ್ಥಾಯಿಯೋ ಜಾಗವೋ ತಿಳಿಯದೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಜಿ ತಂತಿ ನೆತ್ತಿಯ ಕಡೆಗಿದ್ದರೂ ಅದರ ನಾದ ಸಿ ತಂತಿಯದಕ್ಕಿಂತ ಏರು. 'ನೆತ್ತಿಯ ತಂತಿ, ನೆಲದ ತಂತಿ' ಎಂದರೆ ಸರಳ. ನೆತ್ತಿಯಿಂದ ನೆಲಕ್ಕೆ ಜಿ, ಸಿ, ಇ, ಎ.

ಬಲಗೈ ಮೊದಲು

ಮೊದಲ ಎರಡು ತರಗತಿಗಳಲ್ಲಿ ಎಡಗೈಗೆ ಕೆಲಸವೇ ಬೇಡ, ದಂಡಿಯನ್ನು ಆನಿಸಿಕೊಂಡರೆ ಸಾಕು. ಬಲ ಮುಂಗೈ ವಾದ್ಯವನ್ನು ಎದೆಗೆ ಹಗುರವಾಗಿ ಒತ್ತಿಕೊಂಡಿರಲಿ. ದಂಡಿ ಬುರುಡೆಗೆ ಸೇರುವಲ್ಲಿ ತೋರುಬೆರಳಿನ ಉಗುರಿನಿಂದ ನಾಲ್ಕೂ ತಂತಿಗಳನ್ನು ನೆಲದ ಕಡೆಗೆ ಸವರಬೇಕು. ಆದಿತಾಳದ ಎಂಟು ಅಕ್ಷರಗಳಿಗೆ ಎಂಟು ಸವರು. ಅದು ಕುದುರಿದ ಮೇಲೆ ಚಪ್ಪಾಳೆ ಬೀಳುವ ಒಂದು, ಐದು, ಏಳರಲ್ಲಿ ಮಾತ್ರ. ಮಧ್ಯದ ಮೌನವನ್ನು ಎಣಿಸುವುದೇ ಇಲ್ಲಿಯ ಪಾಠ. ಶಿಕ್ಷಕರು ಕೈ ಎತ್ತಿದರೆ ಎಲ್ಲರ ಅಂಗೈಯೂ ತಂತಿಯ ಮೇಲೆ: ಈ ನಿಯಮವನ್ನು ಮೊದಲ ದಿನವೇ ರೂಢಿಸಿ.

ಆರು ಸ್ವರ

ಈಗ ಎಡಗೈ. ಉಗುರು ಕತ್ತರಿಸಿರಬೇಕು. ಸಿ ತಂತಿಯನ್ನು ಹಾಗೇ ಮೀಟಿದರೆ ಸ, ಎರಡನೆಯ ಮೆಟ್ಟಿಲು ಒತ್ತಿದರೆ ರಿ. ಇ ತಂತಿ ಹಾಗೇ ಗ, ಮೂರನೆಯ ಮೆಟ್ಟಿಲಲ್ಲಿ ಪ. ಎ ತಂತಿ ಹಾಗೇ ದ, ಮೂರನೆಯದರಲ್ಲಿ ತಾರ ಷಡ್ಜ. ಇಷ್ಟರಲ್ಲಿ ಮೋಹನದ ಆರೋಹಣ ಮುಗಿಯಿತು. ಹಿಂದಕ್ಕೆ ಬಂದರೆ ಅವರೋಹಣ. ಎರಡನೆಯ ಮೆಟ್ಟಿಲಿಗೆ ನಡುಬೆರಳು, ಮೂರನೆಯದಕ್ಕೆ ಉಂಗುರದ ಬೆರಳು. ಒತ್ತಬೇಕಾದ್ದು ಮೆಟ್ಟಿಲಿನ ಪಟ್ಟಿಯ ಮೇಲಲ್ಲ, ಅದರ ಬೆನ್ನ ಹಿಂದೆ, ಪಟ್ಟಿಗೆ ಹತ್ತಿರ. ಪ್ರತಿ ಸ್ವರವನ್ನೂ ಮೊದಲು ಬಾಯಲ್ಲಿ ಹಾಡಿಸಿ, ಆಮೇಲೆ ತಂತಿಯಲ್ಲಿ ಹುಡುಕಿಸಿ. ಹಾಡಲಾರದ್ದನ್ನು ಬೆರಳು ಯಾಂತ್ರಿಕವಾಗಿ ನುಡಿಸಿಬಿಡುತ್ತದೆ, ಅಲ್ಲಿ ಸಂಗೀತ ಇರುವುದಿಲ್ಲ. ಗಮಕಕ್ಕಾಗಿ, ಅಂದರೆ ಸ್ವರವನ್ನು ತೂಗಿ ಜಾರಿಸುವುದಕ್ಕಾಗಿ ಈ ವಾದ್ಯವನ್ನು ಹಿಂಡಬೇಡಿ, ಅದನ್ನು ಕಂಠಕ್ಕೇ ಬಿಡಿ.

ಬೆರಳ ತುದಿ ನೋಯುತ್ತದೆ ಎಂದರೆ ನಂಬಿ. ದಿನಕ್ಕೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ತಿಕ್ಕುವುದಕ್ಕಿಂತ ಅದು ಎಷ್ಟೋ ಮೇಲು. ಎಡಚ ಮಕ್ಕಳೂ ಉಳಿದವರಂತೆಯೇ ಹಿಡಿದು ಕಲಿಯಲಿ ಎನ್ನುವುದು ನನ್ನ ಅಭಿಪ್ರಾಯ. ತಂತಿಗಳ ಮೇಲೆ ಎರಡೂ ಕೈಗೆ ಕೆಲಸವಿದೆ. ಮಗು ತೀರಾ ಒದ್ದಾಡಿದರೆ ಮಾತ್ರ ತಂತಿಗಳ ಕ್ರಮ ತಿರುಗಿಸಿಕೊಡಿ.

ಕಾರ್ಡ್‌ಗಳು

ಆರು ಸ್ವರಗಳಲ್ಲಿ ಸಣ್ಣ ಹಾಡೊಂದು ಕೂತ ಮೇಲೆ ಇದಕ್ಕೆ ಬನ್ನಿ. ಸಿ ಕಾರ್ಡ್‌ಗೆ ನೆಲದ ತಂತಿಯ ಮೂರನೆಯ ಮೆಟ್ಟಿಲಲ್ಲಿ ಉಂಗುರದ ಬೆರಳು, ಅಷ್ಟೆ. ಎ ಮೈನರ್‌ಗೆ ನೆತ್ತಿಯ ತಂತಿಯ ಎರಡನೆಯದರಲ್ಲಿ ನಡುಬೆರಳು. ಎರಡಕ್ಕೂ ಒಂದೊಂದೇ ಬೆರಳು, ಎರಡರಲ್ಲೂ ಮೋಹನದ ಸ್ವರಗಳು ಮಾತ್ರ. ಹಾಗಾಗಿ ಅರ್ಧ ತರಗತಿ ಹಾಡು ನುಡಿಸುತ್ತಿರುವಾಗ ಇನ್ನರ್ಧ ಈ ಎರಡು ಕಾರ್ಡ್‌ಗಳನ್ನು ಹಿಡಿದು ಜೊತೆಗೂಡಬಹುದು. ಎಲ್ಲಿ ಯಾವುದು ಒಪ್ಪುತ್ತದೆ ಎಂಬುದನ್ನು ಮಕ್ಕಳೇ ಕೇಳಿ ಹೇಳಲಿ.

ಎ ಮೈನರ್‌ನ ಬೆರಳು ಎತ್ತದೆ ಇ ತಂತಿಯ ಮೊದಲ ಮೆಟ್ಟಿಲಿಗೆ ತೋರುಬೆರಳು ಸೇರಿಸಿದರೆ ಎಫ್ ಕಾರ್ಡ್. ಇದರಲ್ಲಿ ಮಧ್ಯಮ (ಮ) ಇದೆ, ಮೋಹನದ ಗಡಿ ಇಲ್ಲಿ ದಾಟುತ್ತದೆ. ಅದನ್ನು ಮಕ್ಕಳಿಗೆ ಹೇಳಬೇಡಿ, ನುಡಿಸಿ ಕೇಳಿಸಿ. 'ಹೊಸದೊಂದು ಬಂತು' ಎಂದು ಅವರೇ ಹೇಳುತ್ತಾರೆ.

ಮಕ್ಕಳ ಕಂಠಕ್ಕೆ ಬಿಳಿ ಒಂದು ತಗ್ಗಾಯಿತೆನಿಸಿದರೆ ನಾಲ್ಕೂ ತಂತಿಗಳನ್ನು ಎರಡೆರಡು ಸ್ವರಸ್ಥಾನ ಏರಿಸಿ. ಎ, ಡಿ, ಎಫ್ ಶಾರ್ಪ್, ಬಿ. ಬೆರಳುಗಳ ಜಾಗ ಬದಲಾಗುವುದಿಲ್ಲ, ಷಡ್ಜ ಮಾತ್ರ ಬಿಳಿ ಎರಡಕ್ಕೆ ಏರುತ್ತದೆ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 1960ರ ದಶಕದಲ್ಲಿ ಯುಕುಲೆಲೆಯನ್ನು ಶಾಲೆಗಳ ಸಂಗೀತ ತರಗತಿಗೆ ತಂದ ಶಿಕ್ಷಕ ಚಾಲ್ಮರ್ಸ್ ಡೋನ್ ಅವರು ಕಲಿಸಿದ್ದು ಇದೇ ಶ್ರುತಿಯಲ್ಲಿ. ಏರಿಸುವ ಕೆಲಸವನ್ನು ತರಗತಿಯ ಹಿಂದಿನ ದಿನವೇ ಮುಗಿಸಿಡಿ. ರಾತ್ರಿಯೊಳಗೆ ತಂತಿ ಹೊಸ ಬಿಗಿಗೆ ಹೊಂದಿಕೊಂಡಿರುತ್ತದೆ.