ಬ್ಯಾಕಪ್ ಲೈನ್ ಕಟ್ ಆಗುತ್ತಿಲ್ಲವೇ? ಡಯಲ್ ಮಾಡುತ್ತಿರುವವರು ಯಾರು ನೋಡಿ

ಕೆಲವು ವರ್ಷದ ಹಿಂದಿನ ಮಾತು. ಮಂಡ್ಯದ ಒಂದು ಬ್ರಾಂಚ್ ಆಫೀಸಿನಿಂದ ಫೋನ್ ಬಂತು. "ಸಾರ್, ಆಫೀಸಿಗೆ ಬೀಗ ಹಾಕಿದ ಮೇಲೂ ನಮ್ಮ ಐಎಸ್‌ಡಿಎನ್ ಮಾತಾಡ್ತಾನೇ ಇದೆ. ಬಿಲ್ ನೋಡಿ ಮ್ಯಾನೇಜರ್ ಕೆಂಡ ಆಗಿದ್ದಾರೆ." ಐಎಸ್‌ಡಿಎನ್ ಅಂದರೆ ನಂಬರ್ ಡಯಲ್ ಮಾಡಿ ಡೇಟಾ ಕಳಿಸುವ ಫೋನ್ ಲೈನ್. ಮೈಸೂರಿನ ಹೆಡ್ ಆಫೀಸಿಗೆ ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ ಕಾಯಂ ಸಂಪರ್ಕ, ಚೆನ್ನಾಗಿಯೇ ಇತ್ತು. ಅದು ಬಿದ್ದಾಗ ಮಾತ್ರ ಡಯಲ್ ಆಗಬೇಕಿದ್ದ ಈ ಐಎಸ್‌ಡಿಎನ್ ಬ್ಯಾಕಪ್ಪು ಹಗಲೂ ರಾತ್ರಿ ಎದ್ದು ಕೂತಿತ್ತು. ರೂಟರ್ ಎರಡೂ ಕಡೆ ಸಿಸ್ಕೋ ಕಂಪನಿಯದು, ಕಾನ್ಫಿಗರ್ ಮಾಡಿದ್ದು ನಾನೇ. ಬಸ್ ಹತ್ತಿದೆ.

ನಿಮ್ಮಲ್ಲೂ ಹೀಗಾದರೆ, ಮೊದಲು ಯಾವುದನ್ನೂ ಬದಲಾಯಿಸಬೇಡಿ. ರೂಟರ್‌ಗೆ 'ಶೋ ಡಯಲರ್' ಕಮಾಂಡ್ ಕೊಟ್ಟು 'ಡಯಲ್ ರೀಸನ್' ಅನ್ನುವ ಸಾಲು ಓದಿ. ಯಾವ ಪ್ಯಾಕೆಟ್ಟಿನಿಂದ (ಡೇಟಾದ ತುಣುಕು) ಕರೆ ಹೋಯಿತು ಅಂತ ಅಲ್ಲೇ ಬರೆದಿರುತ್ತದೆ. ಹೋಗಬೇಕಿದ್ದ ವಿಳಾಸ 224.0.0.5 ಆಗಿದ್ದರೆ ಅದು ಓಎಸ್‌ಪಿಎಫ್. 224.0.0.9 ಆದರೆ ರಿಪ್‌ನ ಎರಡನೇ ಆವೃತ್ತಿ, 224.0.0.10 ಆದರೆ ಇಐಜಿಆರ್‌ಪಿ. ಮೂರೂ ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ತಿಳಿಸಿಕೊಳ್ಳುವ ಭಾಷೆಗಳು. ಅಂದರೆ ಫೋನ್ ಮಾಡುತ್ತಿರುವುದು ಮನುಷ್ಯರಲ್ಲ, ರೂಟರ್‌ಗಳೇ.

ಅದೇ ಕಮಾಂಡನ್ನು ನಾಲ್ಕೈದು ಸಲ ಕೊಟ್ಟು, ಲೈನ್ ಕಟ್ ಆಗಲು ಎಷ್ಟು ಸೆಕೆಂಡ್ ಉಳಿದಿದೆ ನೋಡಿ. ಮಂಡ್ಯದಲ್ಲಿ 119, 115, 111 ಅಂತ ಇಳಿದು ಮತ್ತೆ 120ಕ್ಕೆ ಜಿಗಿಯುತ್ತಿತ್ತು. ಸುಮ್ಮನಿದ್ದರೆ 120 ಸೆಕೆಂಡಿಗೆ ಲೈನ್ ಕಟ್ ಆಗಬೇಕು. ಆದರೆ ಓಎಸ್‌ಪಿಎಫ್ ಹತ್ತು ಸೆಕೆಂಡಿಗೊಮ್ಮೆ ಪಕ್ಕದ ರೂಟರ್‌ಗೆ "ಇದ್ದೀಯಾ?" ಅಂತ ಹಲೋ ಕಳಿಸುತ್ತದೆ. ಪ್ರತಿ ಹಲೋಗೂ ಗಡಿಯಾರ ಮೊದಲಿಂದ ಶುರು. ಇನ್ನು ಕಟ್ ಆಗುವುದೆಲ್ಲಿಂದ?

ಪರಿಹಾರಕ್ಕೆ ಎರಡು ದಾರಿ ಇವೆ. ಮೊದಲನೆಯದು, ಕರೆ ಮಾಡಿಸುವ ಹಕ್ಕನ್ನು ಹಲೋದಿಂದ ಕಿತ್ತುಕೊಳ್ಳುವುದು. ಆಕ್ಸೆಸ್ ಲಿಸ್ಟಿನಲ್ಲಿ (ಯಾವ ಪ್ಯಾಕೆಟ್ಟಿಗೆ ಹೌದು, ಯಾವುದಕ್ಕೆ ಬೇಡ ಅನ್ನುವ ಪಟ್ಟಿ) ಮೊದಲ ಸಾಲು ಓಎಸ್‌ಪಿಎಫ್‌ಗೆ ಡಿನೈ, ಆಮೇಲೆ ಉಳಿದ ಐಪಿಗೆಲ್ಲ ಪರ್ಮಿಟ್. ಸಾಲು ಹಿಂದುಮುಂದಾದರೆ ಕೆಲಸ ಕೆಟ್ಟಿತು. ಆ ಲಿಸ್ಟನ್ನು ಎರಡೂ ಕಡೆಯ ಡಯಲರ್-ಲಿಸ್ಟಿಗೆ, ಅಂದರೆ ಯಾವ ಪ್ಯಾಕೆಟ್ ಕರೆ ಮಾಡಿಸಬಹುದು ಅನ್ನುವ ಪಟ್ಟಿಗೆ, ಕಟ್ಟಿ. ಇಂಟರ್‌ಫೇಸಿಗೆ (ರೂಟರಿಗೆ ಲೈನ್ ಸೇರುವ ಬಾಗಿಲು) ನೇರವಾಗಿ ಹಾಕಬೇಡಿ, ಹಾಕಿದರೆ ಪ್ಯಾಕೆಟ್ಟೇ ಸಾಯುತ್ತದೆ. ಡಯಲರ್-ಲಿಸ್ಟಿನಲ್ಲಿ ಡಿನೈ ಅಂದರೆ ಇಷ್ಟೇ: ಲೈನ್ ಎದ್ದಿದ್ದರೆ ಹೋಗು, ನಿನಗೋಸ್ಕರ ಎಬ್ಬಿಸುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಹಲೋ ಹೋಗದಿದ್ದರೆ ಬ್ಯಾಕಪ್ ದಾರಿ ಓಎಸ್‌ಪಿಎಫ್‌ಗೆ ಗೊತ್ತೇ ಇರುವುದಿಲ್ಲ. ಮೇನ್ ಲೈನ್ ಬಿದ್ದಾಗ ಡೇಟಾ ಹೋಗುವುದೆಲ್ಲಿಗೆ? ಅದಕ್ಕೇ ಡಯಲರ್ ಕಡೆಗೆ ಒಂದು ಸ್ಟ್ಯಾಟಿಕ್ ರೂಟ್ (ನಾವೇ ಕೈಯಾರೆ ಕೊಡುವ ದಾರಿ) ಬರೆದು ಡಿಸ್ಟೆನ್ಸ್ 200 ಕೊಡಿ. ಈ ಅಂಕಿ ಕಡಿಮೆ ಇರುವ ದಾರಿಗೇ ಮೊದಲ ಮಣೆ. ಓಎಸ್‌ಪಿಎಫ್‌ನದು 110. ಅದು ಬದುಕಿರುವವರೆಗೆ ಸ್ಟ್ಯಾಟಿಕ್ ರೂಟ್ ತಲೆ ಎತ್ತುವುದಿಲ್ಲ.

ಎರಡನೆಯ ದಾರಿ 'ಐಪಿ ಓಎಸ್‌ಪಿಎಫ್ ಡಿಮಾಂಡ್-ಸರ್ಕ್ಯೂಟ್'. ಡಯಲರ್ ಇಂಟರ್‌ಫೇಸಿನಲ್ಲಿ ಒಂದು ಕಡೆ ಕೊಟ್ಟರೂ ಸಾಕು. ಒಮ್ಮೆ ಪರಿಚಯ ಆದ ಮೇಲೆ ಹಲೋ ನಿಲ್ಲುತ್ತದೆ, ಅರ್ಧ ಗಂಟೆಗೊಮ್ಮೆ ದಾರಿಯ ಮಾಹಿತಿ ಮತ್ತೆ ಕಳಿಸುವ ರಿಫ್ರೆಶ್ ಕೂಡ ನಿಲ್ಲುತ್ತದೆ. ನೋಡಲು ಚೆಂದ. ಆದರೆ ಆ ಓಎಸ್‌ಪಿಎಫ್ ಏರಿಯಾದಲ್ಲಿ (ರೂಟರ್‌ಗಳ ಒಂದು ಗುಂಪು) ಎಲ್ಲೋ ಒಂದು ಲಿಂಕ್ ಬಿದ್ದು ಎದ್ದರೂ ಇಲ್ಲಿ ಫೋನ್ ಹೋಗುತ್ತದೆ. ಸಣ್ಣ ಆಫೀಸಿಗೆ ನನ್ನ ಮತ ಮೊದಲನೆಯದಕ್ಕೇ.

ಮಂಡ್ಯದಲ್ಲಿ ನಾನು ಹಟಕ್ಕೆ ಎರಡನೆಯದನ್ನೇ ಹಾಕಿದೆ. ಲೈನ್ ಕಟ್ ಆಯಿತು. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಮತ್ತೆ ಎದ್ದಿತು! ಹುಡುಕಿದರೆ, ಕರೆ ಸೇರಿದಾಗ ಪಿಪಿಪಿ (ಡಯಲ್ ಲೈನಿನ ಮೇಲೆ ಡೇಟಾ ಸಾಗಿಸುವ ಪ್ರೋಟೊಕಾಲ್) ಆ ಕಡೆಯ ರೂಟರ್‌ಗೆ ಒಂದು /32 ರೂಟ್, ಅಂದರೆ ಆ ಒಂದೇ ವಿಳಾಸದ ದಾರಿ, ಹುಟ್ಟಿಸುತ್ತಿತ್ತು. ಆ ದಾರಿ ಹುಟ್ಟಿದ ರೂಟರಿನಲ್ಲೇ ರಿಪ್ ಇತ್ತು, ಅದರ ರೂಟ್‌ಗಳನ್ನೆಲ್ಲ ಓಎಸ್‌ಪಿಎಫ್‌ಗೆ ಸುರಿಯುತ್ತಿದ್ದೆ. ಲೈನ್ ಕಟ್ ಆದಾಗ ಆ ರೂಟೂ ಮಾಯ. ಓಎಸ್‌ಪಿಎಫ್‌ಗೆ ಅದೊಂದು ದೊಡ್ಡ ಸುದ್ದಿ, ಹೇಳಲು ಮತ್ತೆ ಫೋನ್! ಕಟ್ ಆಗಿದ್ದೇ ಮುಂದಿನ ಕರೆಗೆ ಕಾರಣ, ತಮಾಷೆ ಅಲ್ವಾ? ಡಯಲರ್ ಮೇಲೆ 'ನೋ ಪೀರ್ ನೇಬರ್-ರೂಟ್' ಕೊಟ್ಟೆ, ನಿಂತಿತು.

ಆಮೇಲೂ ಡಯಲ್ ಆದರೆ 'ಡಿಬಗ್ ಡಯಲರ್ ಪ್ಯಾಕೆಟ್' ಹಾಕಿ. ಟೈಮ್ ಕೇಳುವ ಎನ್‌ಟಿಪಿ, ವಿಂಡೋಸ್ ಕಂಪ್ಯೂಟರುಗಳ 137ನೇ ಪೋರ್ಟಿನ ಗಲಾಟೆ ಜಾಸ್ತಿ ಸಿಗುತ್ತವೆ. ನೋಡಿದ ಮೇಲೆ ಡಿಬಗ್ ಆಫ್ ಮಾಡಿ.

ಕೊನೆಗೆ ಪರೀಕ್ಷೆ. ಮೇನ್ ಕೇಬಲ್ ಕಿತ್ತು ಹೆಡ್ ಆಫೀಸಿಗೆ ಪಿಂಗ್ ಮಾಡಿ, ಅಂದರೆ ಉತ್ತರ ಬೇಡುವ ಪರೀಕ್ಷಾ ಪ್ಯಾಕೆಟ್ ಕಳಿಸಿ. ಮೊದಲ ಒಂದೆರಡು ಕಳೆದುಹೋದರೂ ಉಳಿದವಕ್ಕೆ ಉತ್ತರ ಬರಬೇಕು. ಕೇಬಲ್ ಮತ್ತೆ ಚುಚ್ಚಿ, ಓಎಸ್‌ಪಿಎಫ್ ರೂಟ್ ವಾಪಸ್ ಬಂದ ಮೇಲೆ ಎರಡು ನಿಮಿಷ ಬಿಟ್ಟು ರೂಟರಿನ ಬಿ-ಚಾನೆಲ್ (ಐಎಸ್‌ಡಿಎನ್‌ನಲ್ಲಿ ಡೇಟಾ ಹೋಗುವ ದಾರಿ) ದೀಪ ನೋಡಿ. ಆರಿರಬೇಕು. ಆಫೀಸಿನವರು ಹೊರಟ ಮೇಲೆ ಇನ್ನೊಮ್ಮೆ ನೋಡಿ.