ಹಳೇ ಗೋಡೆಗೆ ಇಟ್ಟಿಗೆ ಬೇಡ, ನೆರಳು ಸಾಕು: ಜಲವರ್ಣದಲ್ಲಿ ಹಳ್ಳಿ ನೋಟ ಬರೆಯುವುದು ಹೀಗೆ

ಮೊದಲ ಸಲ ಪಾಳು ಬಿದ್ದ ಮನೆಯೊಂದನ್ನು ವಾಟರ್ ಕಲರ್‌ನಲ್ಲಿ ಬರೆದಾಗ ನಾನು ಒಂದೇ ಒಂದು ಇಟ್ಟಿಗೆಯನ್ನೂ ಬಿಟ್ಟಿರಲಿಲ್ಲ. ಮೂರು ಗಂಟೆ ಕೂತಿದ್ದೆ. ಮುಗಿಸಿ ದೂರದಿಂದ ನೋಡಿದರೆ, ಲೆಕ್ಕದ ಪುಸ್ತಕದ ಚೌಕುಳಿ ಹಾಳೆಗೆ ಕೆಂಪು ಬಳಿದಂತಿತ್ತು. ಗೋಡೆಗೆ ವಯಸ್ಸಾಗಿದೆ ಅಂತ ಹೇಳುವುದು ಅದರ ಮೇಲಿನ ನೆರಳು, ಮಳೆ ನೀರು ಇಳಿದ ಕಲೆ, ಉದುರಿದ ಗಾರೆ. ಇಷ್ಟು ತಿಳಿಯುವ ಹೊತ್ತಿಗೆ ಹತ್ತಾರು ಹಾಳೆ ಹಾಳಾದವು.

ಮೊದಲು ಸಾಮಾನು

ಬಣ್ಣದಲ್ಲಿ ಬೇಕಾದರೆ ಉಳಿಸಿ, ಕಾಗದದಲ್ಲಿ ಜಿಪುಣತನ ಬೇಡ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಪ್ಪದ, ಸ್ವಲ್ಪ ಒರಟಾದ ಕೋಲ್ಡ್ ಪ್ರೆಸ್ಡ್ ಕಾಗದ ಬೇಕು, ಹತ್ತಿಯದಾದರೆ ಇನ್ನೂ ಒಳ್ಳೆಯದು. ತೆಳು ಡ್ರಾಯಿಂಗ್ ಶೀಟ್ ನೀರು ಬಿದ್ದ ಕೂಡಲೇ ಉಬ್ಬುತ್ತದೆ, ತಗ್ಗಿನಲ್ಲೆಲ್ಲ ಬಣ್ಣ ನಿಲ್ಲುತ್ತದೆ. ಕಾಗದವನ್ನು ಬೋರ್ಡಿಗೆ ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್‌ನಿಂದ ಅಂಟಿಸಿ. ಬ್ರಶ್ ಮೂರು ಸಾಕು: 10ನೇ ನಂಬರಿನ ದುಂಡು ಬ್ರಶ್, 1 ಇಂಚಿನ ಚಪ್ಪಟೆ ಬ್ರಶ್, ಸಣ್ಣ ಕೊಂಬೆಗಳಿಗೆ ಉದ್ದ ಕೂದಲಿನ ರಿಗ್ಗರ್.

ಬಣ್ಣಗಳು ಆರು: ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಅಂಬರ್ (ಕಡು ಕಂದು), ಅಲಿಝರಿನ್ ಕ್ರಿಮ್ಸನ್ (ಕಡು ಕೆಂಪು), ಸ್ಯಾಪ್ ಗ್ರೀನ್. ಕಪ್ಪು ಟ್ಯೂಬನ್ನು ಎತ್ತಿಡಿ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಚಂದದ ಬೂದು ಬಣ್ಣ ಸಿಗುತ್ತದೆ. ನೀಲಿ ಜಾಸ್ತಿಯಾದರೆ ಮಳೆ ಮೋಡ, ಸಿಯೆನ್ನಾ ಜಾಸ್ತಿಯಾದರೆ ಹಳೇ ಮರ. ಇನ್ನೊಂದು ಲಾಭವೂ ಇದೆ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಸಣ್ಣ ಗುಳಿಗಳಲ್ಲಿ ಕೂತು ತರಿತರಿಯಾಗಿ ಒಣಗುತ್ತವೆ. ಒರಟು ಗೋಡೆ ಪುಕ್ಕಟೆ ಸಿಕ್ಕಂತೆ ಅಲ್ವಾ?

ಪೆನ್ಸಿಲ್ ಗೆರೆ

ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಪಕ್ಕದಿಂದ ಬೀಳುವಾಗ ನೋಡಿ ಬರೆಯಿರಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಹಳ್ಳಿ ಚಪ್ಪಟೆಯಾಗಿ ಕಾಣುತ್ತದೆ. ನೇರ ದೊಡ್ಡ ಹಾಳೆಗೆ ಹೋಗಬೇಡಿ. ಅಂಗೈಯಗಲದ ಚೌಕದಲ್ಲಿ ಬಿಳಿ, ನಡುಬೂದು, ಕಡು ಅಂತ ಮೂರೇ ಮಟ್ಟದಲ್ಲಿ ಐದು ನಿಮಿಷದ ಸ್ಕೆಚ್ ಮಾಡಿ. ಅದು ಸರಿ ಕಾಣದಿದ್ದರೆ ಬಣ್ಣ ಹಚ್ಚಿದ ಮೇಲೂ ಸರಿ ಕಾಣುವುದಿಲ್ಲ.

ನಿಮ್ಮ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ ಇಟ್ಟುಕೊಳ್ಳಿ. ದೂರ ಸರಿಯುವ ಗೋಡೆಯಲ್ಲಿ, ಅದಕ್ಕಿಂತ ಮೇಲಿರುವ ಸೂರಿನ ಅಂಚು ಆ ಗೆರೆಯತ್ತ ಇಳಿಯುತ್ತದೆ, ಕೆಳಗಿರುವ ಜಗಲಿಯ ಅಂಚು ಅದರತ್ತ ಏರುತ್ತದೆ. ಇದಿಷ್ಟು ಸರಿಯಿದ್ದರೆ ಮಿಕ್ಕಿದ್ದನ್ನೆಲ್ಲ ಬರಿಗೈಯಲ್ಲೇ ಎಳೆಯಿರಿ. ಸ್ಕೇಲ್ ಮುಟ್ಟಬೇಡಿ. ಹಳೇ ಮನೆಯ ಮಾಡು ನಡುವೆ ಬಾಗಿರುತ್ತದೆ, ಬಾಗಿಲು ವಾಲಿರುತ್ತದೆ, ಅದನ್ನು ನೆಟ್ಟಗೆ ಮಾಡಿದಿರೋ ಹೊಸ ಮನೆ ಆಯಿತು.

ಬಿಳಿ ಎಲ್ಲೆಲ್ಲಿ ಉಳಿಯಬೇಕು ಅನ್ನುವುದನ್ನೂ ಈಗಲೇ ಗುರುತಿಸಿ, ಯಾಕೆಂದರೆ ಜಲವರ್ಣದಲ್ಲಿ ಬಿಳಿ ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಇಂಗ್ಲೆಂಡಿನ ಥಾಮಸ್ ಗರ್ಟಿನ್ 1800ರಲ್ಲಿ ಬರೆದ ‘ದಿ ವೈಟ್ ಹೌಸ್ ಅಟ್ ಚೆಲ್ಸಿ’ ಚಿತ್ರವನ್ನು ಸಾಧ್ಯವಾದರೆ ಹುಡುಕಿ ನೋಡಿ. ಮಬ್ಬು ಸಂಜೆ, ಅಗಲ ನದಿ, ಆಚೆ ದಡದಲ್ಲಿ ಪುಟ್ಟದೊಂದು ಬಿಳಿ ಮನೆ. ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ.

ಬಣ್ಣ: ದೂರದಿಂದ ಹತ್ತಿರಕ್ಕೆ

ಆಕಾಶದಿಂದ ಶುರು ಮಾಡಿ. ಬೋರ್ಡನ್ನು ಸ್ವಲ್ಪ ಓರೆ ಇಟ್ಟು, ಮನೆಯನ್ನು ಬಿಟ್ಟು ಆಕಾಶದ ಭಾಗಕ್ಕೆ ಬರೀ ನೀರು ಹಚ್ಚಿ. ಕೆಳಗೆ ತೆಳು ಓಕರ್, ಮೇಲಿಂದ ನೀಲಿ. ಮೋಡ ಬೇಕಾದಲ್ಲಿ ಟಿಶ್ಯೂ ಒತ್ತಿ ಬಣ್ಣ ಎತ್ತಿಬಿಡಿ. ಆಮೇಲೆ ಕೈ ತೆಗೆಯಿರಿ! ಅರೆ ಒಣಗಿದ ಆಕಾಶವನ್ನು ಒದ್ದೆ ಬ್ರಶ್ಶಿನಿಂದ ಸರಿ ಮಾಡಲು ಹೋದರೆ ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಬೀಳುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ದೂರದ ಗುಡ್ಡ ತೆಳುವಾಗಿ, ನೀಲಿಯಾಗಿ, ಅಂಚು ಮೆತ್ತಗೆ ಇರಲಿ.

ಗೋಡೆಗೆ ಓಕರ್ ಮತ್ತು ಚೂರು ಬರ್ನ್ಟ್ ಸಿಯೆನ್ನಾ ಬೆರೆಸಿದ ನೀರು ನೀರಾದ ವಾಶ್, ಅಂದರೆ ಬಣ್ಣದ ತೆಳು ಪದರ. ಅದು ಒದ್ದೆ ಇರುವಾಗಲೇ ಬುಡದಲ್ಲಿ ನೀಲಿಬೂದು ಮುಟ್ಟಿಸಿ, ನೆಲದ ತೇವ ಏರಿದ ಗುರುತು ತಾನಾಗಿಯೇ ಮೂಡುತ್ತದೆ. ಮಾಡಿಗೆ ಕೈ ಹಾಕುವ ಮುಂಚೆ ಗೋಡೆ ಒಣಗಲಿ. ಒಣಗಿದೆಯೋ ಇಲ್ಲವೋ ಅನುಮಾನವಿದ್ದರೆ ಕೈಯ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಒಳಗಿನ್ನೂ ನೀರಿದೆ.

ಈಗ ನೆರಳು. ಇಡೀ ಚಿತ್ರ ನಿಲ್ಲುವುದು ಈ ಹತ್ತು ನಿಮಿಷದಲ್ಲಿ. ಅಲ್ಟ್ರಾಮರೀನ್, ಚೂರು ಅಲಿಝರಿನ್, ಚೂರು ಬರ್ನ್ಟ್ ಸಿಯೆನ್ನಾ ಸೇರಿಸಿ, ಬೇಕು ಅನಿಸಿದ್ದಕ್ಕಿಂತ ದುಪ್ಪಟ್ಟು ಕಲಸಿಕೊಳ್ಳಿ, ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಬರುವುದಿಲ್ಲ. ಸೂರಿನ ಕೆಳಗಿಂದ ಶುರು ಮಾಡಿ ಗೋಡೆಯ ನೆರಳಿನ ಬದಿ, ಅಲ್ಲಿಂದ ನೆಲ, ಹೀಗೆ ಒಂದೇ ಓಟದಲ್ಲಿ ಎಳೆದುಬಿಡಿ. ತಿರುಗಿ ಉಜ್ಜಿದರೆ ಕೆಳಗಿನ ಪದರ ಎದ್ದು ಕೆಸರಾಗುತ್ತದೆ. ಒದ್ದೆ ಇರುವಾಗಲೇ ನೆರಳಿನ ಕೆಳಭಾಗಕ್ಕೆ ಒಂದು ಹನಿ ಬರ್ನ್ಟ್ ಸಿಯೆನ್ನಾ ಬಿಡಿ, ಬಿಸಿಲು ಬಿದ್ದ ನೆಲ ಗೋಡೆಗೆ ಬೆಳಕು ಎಸೆಯುತ್ತದಲ್ಲ, ಅದು. ಬಣ್ಣ ಒಣಗಿದ ಮೇಲೆ ತೆಳುವಾಗುತ್ತದೆ, ಹಾಗಾಗಿ ಹಚ್ಚುವಾಗ ಸ್ವಲ್ಪ ಕಡುವಾಯಿತು ಅನಿಸಿದರೆ ಸರಿಯಾಗಿದೆ ಅಂತ ಅರ್ಥ.

ಕೊನೆಗೆ ಚೂರುಪಾರು

ಬ್ರಶ್ಶಿನ ನೀರು ಒರೆಸಿ, ಮಲಗಿಸಿ ಎಳೆದರೆ ಬಣ್ಣ ಬಿಟ್ಟು ಬಿಟ್ಟು ಹತ್ತುತ್ತದೆ. ಒರಟು ಕಲ್ಲಿಗೆ, ಹಳೇ ಹಲಗೆಗೆ ಅಷ್ಟು ಸಾಕು. ಇಟ್ಟಿಗೆ ಗಾರೆ ಉದುರಿದ ಕಡೆ ಮಾತ್ರ, ಹತ್ತು ಹನ್ನೆರಡು. ಕಿಟಕಿಯೊಳಗೆ ಅಂಬರ್ ಮತ್ತು ನೀಲಿ ಬೆರೆಸಿ ಕಡು ಮಾಡಿ. ಸ್ಯಾಪ್ ಗ್ರೀನ್ ಟ್ಯೂಬಿನಿಂದ ಸೀದಾ ಬಂದರೆ ಪ್ಲಾಸ್ಟಿಕ್ ಗಿಡದಂತಿರುತ್ತದೆ, ಬರ್ನ್ಟ್ ಸಿಯೆನ್ನಾ ಸೇರಿಸಿ. ಮರದ ಎಲೆಗಳ ನಡುವೆ ಹಕ್ಕಿ ಹಾರಿಹೋಗುವಷ್ಟು ಕಿಂಡಿಗಳಿರಲಿ. ದೂರದಲ್ಲಿ ಒಬ್ಬಿಬ್ಬರನ್ನು ನಿಲ್ಲಿಸುವುದಾದರೆ, ನೀವು ನಿಂತು ಬರೆಯುತ್ತಿದ್ದು ನೆಲ ಸಮವಾಗಿದ್ದರೆ, ಎಷ್ಟೇ ದೂರದವರಾದರೂ ತಲೆ ಆ ಕಣ್ಣಿನ ಗೆರೆಯ ಹತ್ತಿರವೇ ಬರಬೇಕು.

ಟೇಪನ್ನು ಪೂರ್ತಿ ಒಣಗಿದ ಮೇಲೆ, ಚಿತ್ರದಿಂದ ಹೊರಕ್ಕೆ ಓರೆಯಾಗಿ, ನಿಧಾನವಾಗಿ ಎಳೆಯಿರಿ. ಅವಸರ ಮಾಡಿ ನಾನು ಒಂದು ಆಕಾಶದ ಅಂಚನ್ನೇ ಕಿತ್ತಿದ್ದೇನೆ.